ಕಾರಿನ ಮೀಟರಿನಲ್ಲಿ ಹಳದಿ ಲೈಟ್ ಬಂತಾ? ಪಾರ್ಟ್ ಬದಲಿಸುವ ಮುಂಚೆ ಇಷ್ಟು ಮಾಡಿ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುತ್ತಿದ್ದೆ. ಮಂಡಗದ್ದೆ ದಾಟುವಾಗ ಮೀಟರಿನಲ್ಲಿ ಹಳದಿ ಬಣ್ಣದ ಇಂಜಿನ್ ಚಿತ್ರ ಹೊತ್ತಿಕೊಂಡಿತು. ಗಾಡಿ ಎಂದಿನ ಹಾಗೇ ಓಡುತ್ತಿತ್ತು. ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸರ್ (ಇಂಜಿನ್ ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವ ಪಾರ್ಟು) ಹೋಗಿದೆ ಎಂದು ಹೊಸದು ಹಾಕಿದರು. ದುಡ್ಡು ಕೊಟ್ಟು ಊರಿಗೆ ಹೊರಟೆ. ಗಾಜನೂರು ಬರುವಷ್ಟರಲ್ಲಿ ಅದೇ ಲೈಟು ಮತ್ತೆ ಹಾಜರ್!

ಕೊನೆಗೆ ಸಿಕ್ಕಿದ್ದು ಇಲಿ ಕಡಿದ ಒಂದು ವೈರು. ಇಂಜಿನ್ ಮೇಲಿನ ಕವರ್ ತೆಗೆದರೆ ಅಡಿಕೆ ಸಿಪ್ಪೆಯ ನಾರು ತಂದು ಮೆತ್ತಗೆ ಹಾಸಿಗೆ ಮಾಡಿಕೊಂಡಿತ್ತು. ನಮ್ಮ ಕಾರು ನಿಲ್ಲುವುದು ಕೊಟ್ಟಿಗೆ ಪಕ್ಕದಲ್ಲಿ, ಇನ್ನೇನಾಗುತ್ತೆ.

ಲೈಟ್ ಬಂದ ಕೂಡಲೇ ಮೊದಲು ಬಣ್ಣ ನೋಡಿ. ಕೆಂಪಾದರೆ ನಿಲ್ಲಿಸಬೇಕು. ಎಣ್ಣೆ ಗಿಂಡಿಯಂಥ ಚಿತ್ರ ಬಂದರೆ ಆಯಿಲ್ ಪ್ರೆಷರ್ ತೀರಾ ಕಡಿಮೆಯಾಗಿದೆ ಎಂದರ್ಥ. ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ. 'ಮನೆ ಇನ್ನೇನು ನಾಲ್ಕು ಕಿಲೋಮೀಟರ್' ಅನ್ನುವ ಆಸೆ ಬೇಡ, ಅಷ್ಟರಲ್ಲಿ ಇಂಜಿನ್ನೇ ಹಿಡಿದುಕೊಳ್ಳಬಹುದು. ಟೆಂಪರೇಚರ್ ಲೈಟಿಗೂ ಇದೇ ಮಾತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಬ್ರೇಕಿನ ಕೆಂಪು ಲೈಟ್ ಬಂದರೆ ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೀರಾ ನೋಡಿ. ಬಿಟ್ಟಿದ್ದರೂ ಲೈಟ್ ಹೋಗದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು. ಆ ಸ್ಥಿತಿಯಲ್ಲಿ ಆಗುಂಬೆ ಘಾಟಿ ಇಳಿಯುವ ಯೋಚನೆಯೇ ಬೇಡ.

ಹಳದಿಯಾದರೆ ಸಾವಕಾಶವಾಗಿ ಗ್ಯಾರೇಜಿನ ತನಕ ಹೋಗಬಹುದು. ಆದರೆ ಇಂಜಿನ್ ಲೈಟು ಮಿನುಗುತ್ತಿದ್ದರೆ ಬೇರೆ ಲೆಕ್ಕ. ಇಂಜಿನ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತಿದೆ ಎಂದರ್ಥ. ಅದು ದುಬಾರಿ ಪಾರ್ಟು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ನಿಲ್ಲಿಸಿ.

ಗಾಡಿ ನಿಲ್ಲಿಸಿದ ಮೇಲೆ ಮೀಟರಿನ ಫೋಟೋ ತೆಗೆದುಕೊಳ್ಳಿ. ಆಗ ಮಳೆ ಇತ್ತಾ, ನೀರು ನಿಂತ ರಸ್ತೆ ದಾಟಿದಿರಾ, ಏರು ಹತ್ತುತ್ತಿದ್ದಿರಾ ಅಂತ ಮೊಬೈಲಿನಲ್ಲೇ ಎರಡು ಸಾಲು ಬರೆದಿಡಿ.

ಇನ್ನು ಕೋಡ್, ಅಂದರೆ ಗಾಡಿಯ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಸಂಕೇತ, ಓದಿಸುವ ಕೆಲಸ. 2013ರ ಏಪ್ರಿಲ್ ನಂತರದ ಬಿಎಸ್-4 (ಹೊಗೆ ಮಿತಿಯ ಸರ್ಕಾರಿ ಮಾನದಂಡ) ಕಾರುಗಳಲ್ಲಿ ಒಬಿಡಿ-2, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಪತ್ತೆ ಮಾಡುವ ವ್ಯವಸ್ಥೆ, ಇರುತ್ತದೆ. ಸ್ಟೀರಿಂಗ್ ಕೆಳಗೆ ಕೈ ಹಾಕಿ ತಡಕಿದರೆ 16 ಪಿನ್ನಿನ ಸಾಕೆಟ್ ಸಿಗುತ್ತೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಬರುತ್ತದೆ. ಬ್ಲೂಟೂತ್‌ನದ್ದಾದರೆ ಮೊಬೈಲಿನಲ್ಲೇ ನೋಡಬಹುದು. ಎಡವಟ್ಟಾಗುವುದು ಇಲ್ಲಿಯೇ. ಕೋಡ್ ಎಂದರೆ ಕೆಟ್ಟ ಪಾರ್ಟಿನ ಹೆಸರಲ್ಲ. ನನ್ನ ಗಾಡಿಯಲ್ಲಿ ಬಂದಿದ್ದು ಪಿ0135. ಆಕ್ಸಿಜನ್ ಸೆನ್ಸರನ್ನು ಬಿಸಿ ಮಾಡುವ ಹೀಟರ್‌ನ ಸರ್ಕಿಟ್‌ನಲ್ಲಿ ದೋಷ ಅಂತ ಅದರ ಅರ್ಥ. 'ಸೆನ್ಸರ್' ಎಂಬ ಶಬ್ದ ಕಂಡಿತು, ಸೆನ್ಸರ್ ಬದಲಾಯಿಸಿದರು. ಆದರೆ ಸರ್ಕಿಟ್ ಅಂದ ಮೇಲೆ ಅದರಲ್ಲಿ ಫ್ಯೂಸ್ ಇದೆ, ವೈರ್ ಇದೆ, ಕನೆಕ್ಟರ್ ಇದೆ ಅಲ್ವಾ? ಮಲೆನಾಡಿನಲ್ಲಿ ಕನೆಕ್ಟರಿಗೆ ನೀರಿಳಿದು ಹಸಿರು ಕಿಲುಬು ಹಿಡಿಯುವುದೂ ಉಂಟು. ಕನೆಕ್ಟರ್ ಬಿಚ್ಚಿ, ಇಂಜಿನ್ ಸ್ಟಾರ್ಟ್ ಮಾಡಿ, ಅಲ್ಲಿಯ ತನಕ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯಾ ಎಂದು ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಸಾಧನ) ಹಿಡಿದು ನೋಡಿದ್ದರೆ ಐದು ನಿಮಿಷದ ಕೆಲಸ.

ಕೋಡ್ ಬರೆದಿಟ್ಟುಕೊಳ್ಳದೆ ಅಳಿಸಲು ಬಿಡಬೇಡಿ. ಲೈಟ್ ಬಂದ ಹೊತ್ತಿನಲ್ಲಿ ಸ್ಪೀಡ್ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಿತ್ತು ಅನ್ನುವ ದಾಖಲೆಯೂ ಜೊತೆಗೇ ಅಳಿಸಿಹೋಗುತ್ತೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೂ ಎಷ್ಟೋ ಗಾಡಿಗಳಲ್ಲಿ ಇದೇ ಕಥೆ. ಲೈಟ್ ಆರುತ್ತೆ, ದೋಷ ಇದ್ದಲ್ಲೇ ಇರುತ್ತೆ.

ಗ್ಯಾರೇಜಿನಲ್ಲಿ "ಈ ಲೈಟ್ ತೆಗೆದುಕೊಡಿ ಮಾರಾಯ್ರೆ" ಎಂದರೆ ಲೈಟ್ ಮಾತ್ರ ತೆಗೆದುಕೊಡುತ್ತಾರೆ. "ಪಾರ್ಟ್ ಹೋಗಿದೆ ಅಂತ ಹೇಗೆ ಗೊತ್ತಾಯ್ತು? ವೈರಿಂಗ್ ಚೆಕ್ ಮಾಡಿದ್ರಾ?" ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ, ಕರೆದು ತೋರಿಸುತ್ತಾರೆ. ಬದಲಾಯಿಸಿದರೆ ಹಳೇ ಪಾರ್ಟ್ ಕೇಳಿ ಪಡೆಯಿರಿ. ನಾನು ಕೇಳಿರಲಿಲ್ಲ. ಚೆನ್ನಾಗಿದ್ದ ಸೆನ್ಸರ್ ಎಲ್ಲಿಗೆ ಹೋಯಿತೋ.

ಇಲಿಗೆ ಏನು ಮಾಡಿದಿರಿ ಅಂತ ಕೇಳಬಹುದು. ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗಿಟ್ಟೆ. ವಾಸನೆ ಇರುವ ತನಕ ಇಲಿ ಬರಲಿಲ್ಲ, ಆಮೇಲೆ ಬಂತು. ಈಗ ಕಾರನ್ನು ಕೊಟ್ಟಿಗೆಯಿಂದ ದೂರ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ ಒಮ್ಮೆ ಕಣ್ಣಾಡಿಸುತ್ತೇನೆ. ಮೊನ್ನೆ ಏರ್ ಫಿಲ್ಟರ್ ಡಬ್ಬಿಯ ಪಕ್ಕ ಎರಡು ಗೋಟಡಿಕೆ ಸಿಕ್ಕವು.