ಸ್ಕ್ಯಾನಿಗೆ ಎರಡನೆಯ ಅಭಿಪ್ರಾಯ ಪಡೆದ ಬಗೆ: ನನ್ನ ಅನುಭವ

ಮೂತ್ರಪಿಂಡದ ಕಲ್ಲಿನ ನೋವಿಗೆಂದು ಕೋಲಾರದಲ್ಲಿ ನನ್ನ ತಂದೆಯವರಿಗೆ ಮಾಡಿಸಿದ ಪ್ಲೇನ್ ಸಿ.ಟಿ. ಸ್ಕ್ಯಾನಿನಲ್ಲಿ, ಕಲ್ಲಿನ ಜೊತೆಗೆ, ಮೂತ್ರಪಿಂಡದ ಮೇಲೆ ಕೂತು ಹಾರ್ಮೋನು ಸ್ರವಿಸುವ ಅಡ್ರಿನಲ್ ಗ್ರಂಥಿಗಳ ಪೈಕಿ ಎಡಗಡೆಯದರಲ್ಲಿ ಸುಮಾರು ಎರಡು ಸೆಂಟಿಮೀಟರಿನ ಗಂಟೊಂದು ಕಂಡಿತು. ಕಾಂಟ್ರಾಸ್ಟ್ (ಅಂಗಗಳು ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಔಷಧ) ಕೊಟ್ಟು ಇನ್ನೊಮ್ಮೆ ಸಿ.ಟಿ. ಮಾಡಿಸುವಂತೆ ವರದಿಯಲ್ಲಿ ಸೂಚನೆಯಿತ್ತು. ಗಂಟು ಎಂದೊಡನೆ ಮನೆಯವರಿಗೆಲ್ಲ ಕ್ಯಾನ್ಸರಿನ ಭಯ ಹಿಡಿಯಿತು. ಮೂತ್ರಪಿಂಡದ ಕೆಲಸ ಕುಂದಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ತಂದೆಯವರಿಗೆ ಮೊದಲೇ ಹೆಚ್ಚಿದ್ದುದರಿಂದ ಕಾಂಟ್ರಾಸ್ಟ್ ಔಷಧದ ಬಗ್ಗೆ ನನಗೆ ಅಳುಕಿತ್ತು; ಆದ್ದರಿಂದ ಅದಕ್ಕೆ ಮುಂಚೆ, ಹೊಟ್ಟೆಯ ಸ್ಕ್ಯಾನುಗಳಲ್ಲೇ ವಿಶೇಷ ಪರಿಣತಿಯಿರುವ ರೇಡಿಯಾಲಜಿಸ್ಟ್ ಒಬ್ಬರಿಂದ ಎರಡನೆಯ ಅಭಿಪ್ರಾಯ ಪಡೆಯಲು ನಿರ್ಧರಿಸಿದೆ.

“ಇನ್ನೊಬ್ಬರಿಗೆ ತೋರಿಸಿದ್ರೆ ನಮ್ಮ ಡಾಕ್ಟ್ರಿಗೆ ಬೇಜಾರಾಗಲ್ವೇನಪ್ಪಾ?” ಎಂದು ತಂದೆಯವರು ಹಿಂಜರಿದರು. ನಾನು ನೇರವಾಗಿ ವೈದ್ಯರಿಗೇ ವಿಷಯ ತಿಳಿಸಿದೆ. ಅವರು ಬೇಸರಪಡಲಿಲ್ಲ; ಫಿಲ್ಮ್ ಬೇಡ, ಸಿ.ಡಿ.ಯನ್ನೇ ಕೊಡಿ ಎಂದು ಸಲಹೆಯಿತ್ತರು.

ಫಿಲ್ಮಿನಲ್ಲಿರುವುದು ಆಯ್ದ ಕೆಲವು ಚಿತ್ರಗಳ ಮುದ್ರಣ ಮಾತ್ರ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುವ ರೂಢಿ ನಮ್ಮ ಕಡೆ ಬಹಳವಿದೆ. ಅಂಥ ಫೋಟೊ ನೋಡಿ ತಜ್ಞರು ಏನನ್ನೂ ಅಳೆಯಲಾರರು. ಸಿ.ಡಿ.ಯಲ್ಲಿರುವ ಡೈಕಾಮ್ ಕಡತಗಳಲ್ಲಾದರೆ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳು) ಪ್ರತಿ ಬಿಂದುವಿನ ಸಾಂದ್ರತೆಯೂ ಹೌನ್ಸ್‌ಫೀಲ್ಡ್ ಮಾನದಲ್ಲಿ ದಾಖಲಾಗಿರುತ್ತದೆ: ನೀರಿಗೆ 0, ಗಾಳಿಗೆ ಸುಮಾರು -1000, ಕೊಬ್ಬಿಗೆ ಸೊನ್ನೆಗಿಂತ ಕೆಳಗೆ. ನಮ್ಮದರಂತೆ ಕಾಂಟ್ರಾಸ್ಟ್ ಇಲ್ಲದ ಸಿ.ಟಿ.ಯಲ್ಲಿ ಅಡ್ರಿನಲ್ ಗಂಟು ಒಳಗೆಲ್ಲ ಒಂದೇ ಸಮನಾಗಿದ್ದು, 10 ಅಥವಾ ಅದಕ್ಕಿಂತ ಕಡಿಮೆ ಅಂಕ ತೋರಿದರೆ, ಅದನ್ನು ಕೊಬ್ಬಿನಂಶ ಹೆಚ್ಚಿರುವ ಅಡಿನೋಮ, ಅಂದರೆ ಕ್ಯಾನ್ಸರ್ ಅಲ್ಲದ ಗಂಟು ಎಂದು ಪರಿಗಣಿಸುತ್ತಾರೆ. ನಮ್ಮ ವರದಿಯಲ್ಲಿ ಆ ಅಂಕವಿರಲಿಲ್ಲ. ಆದರೂ ಕಲ್ಲು ಹುಡುಕಲು ಮಾಡಿದ ಸ್ಕ್ಯಾನಿನಲ್ಲಿ ಗಂಟನ್ನು ಗುರುತಿಸಿ ಬರೆದ ಮೊದಲ ರೇಡಿಯಾಲಜಿಸ್ಟರ ಎಚ್ಚರಕ್ಕೆ ನಾನು ಕೃತಜ್ಞನಾಗಿದ್ದೇನೆ.

ಸ್ಕ್ಯಾನ್ ಕೇಂದ್ರದಲ್ಲಿ ಅರ್ಜಿ ಬರೆದುಕೊಟ್ಟು ಸಿ.ಡಿ. ಪಡೆದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿನಡತೆ ನಿಯಮಗಳ ಪ್ರಕಾರ, ರೋಗಿ ಕೇಳಿದ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. ನಾವು ಅಷ್ಟು ಕಾಯಬೇಕಾಗಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ, ಉಚಿತವಾಗಿ ಸಿಗುವ ಡೈಕಾಮ್ ತಂತ್ರಾಂಶದಿಂದ ಅದನ್ನು ತೆರೆದು, ಹೆಸರು ಮತ್ತು ದಿನಾಂಕ ಸರಿಯಿವೆಯೇ, 5 ಮಿ.ಮೀ. ದಪ್ಪದ ಸ್ಲೈಸುಗಳ (ದೇಹದ ಅಡ್ಡಸೀಳಿನ ಚಿತ್ರಗಳ) ಜೊತೆಗೆ ತೆಳುವಾದವೂ ಇವೆಯೇ ಎಂದು ನೋಡಿಕೊಂಡೆ.

ಜೊತೆಗಿಟ್ಟ ಪತ್ರದಲ್ಲಿ ತಂದೆಯವರ ವಯಸ್ಸು, ಬಿ.ಪಿ. ಮಾತ್ರೆಗಳ ಹೆಸರು, ಕ್ರಿಯಾಟಿನಿನ್ ಮಟ್ಟ ಇವನ್ನು ಬರೆದೆ. ಹಿಂದೆಂದೂ ಕ್ಯಾನ್ಸರ್ ಆಗಿಲ್ಲವೆಂಬುದನ್ನು ಪ್ರತ್ಯೇಕವಾಗಿ ತಿಳಿಸಿದೆ, ಏಕೆಂದರೆ ಶ್ವಾಸಕೋಶದಂಥ ಬೇರೆ ಅಂಗದ ಕ್ಯಾನ್ಸರ್ ಅಡ್ರಿನಲ್‌ಗೆ ಹರಡುವುದುಂಟು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ಈ ಚಿತ್ರಗಳಿಂದಲೇ ಗಂಟು ಎಂಥದ್ದೆಂದು ಹೇಳಬಹುದೇ, ಅಥವಾ ಕಾಂಟ್ರಾಸ್ಟ್ ಸಿ.ಟಿ. ಬೇಕೇ ಬೇಕೆ?

ಬೆಂಗಳೂರಿನ ಆ ತಜ್ಞರು ಪರದೆಯ ಮೇಲೆ ಗಂಟಿನೊಳಗೆ ಸಣ್ಣ ವೃತ್ತವೊಂದನ್ನು ಎಳೆದರು. ಪಕ್ಕದಲ್ಲಿ ಮೂಡಿದ ಸರಾಸರಿ ಅಂಕ 4. ಬೇರೆ ಬೇರೆ ಸ್ಲೈಸುಗಳಲ್ಲಿ ಅಳೆದರೂ 10 ದಾಟಲಿಲ್ಲ. ಇದು ಅಡಿನೋಮ, ಕಾಂಟ್ರಾಸ್ಟ್ ಸಿ.ಟಿ. ಅಗತ್ಯವಿಲ್ಲ ಎಂದು ಅವರು ಬರೆದುಕೊಟ್ಟ ವರದಿಯನ್ನು ಕೋಲಾರದ ವೈದ್ಯರಿಗೆ ತಲುಪಿಸಿದೆ. ಅವರು ಅದನ್ನು ಒಪ್ಪಿದರು. ಕ್ಯಾನ್ಸರ್ ಅಲ್ಲದ ಗಂಟೂ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸಬಹುದಾದ್ದರಿಂದ, ರಾತ್ರಿ 11 ಗಂಟೆಗೆ 1 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟು ಬೆಳಿಗ್ಗೆ 8ಕ್ಕೆ ಕಾರ್ಟಿಸಾಲ್ ಎಂಬ ಅಡ್ರಿನಲ್ ಹಾರ್ಮೋನನ್ನು ಅಳೆಯುವ ಪರೀಕ್ಷೆಯನ್ನೂ, ಬಿ.ಪಿ. ಇರುವ ಕಾರಣ, ರಕ್ತದೊತ್ತಡವನ್ನು ನಿಯಂತ್ರಿಸುವ ಆಲ್ಡೋಸ್ಟಿರೋನ್ ಮತ್ತು ರೆನಿನ್‌ಗಳ ಪರೀಕ್ಷೆಗಳನ್ನೂ ಬರೆದುಕೊಟ್ಟರು.