ಗಿಟಾರ್ ಬಿಟ್ಟು ಮೌತ್ ಆರ್ಗನ್ ಕೇಳಿ: 1966ರ ಒಂದು ರೆಕಾರ್ಡ್ ಕೊಂಡ ನನ್ನ ಅನುಭವ

ಆ ರೆಕಾರ್ಡ್‌ಗಾಗಿ ನಾಲ್ಕು ವರ್ಷ ಕಾದಿದ್ದೆ. ಇಂಗ್ಲೆಂಡಿನ ಬ್ಲೂಸ್ ಗಾಯಕ ಜಾನ್ ಮೇಯಲ್ ಅವರ ತಂಡದ ಆಲ್ಬಂ ‘ಬ್ಲೂಸ್ ಬ್ರೇಕರ್ಸ್ ವಿತ್ ಎರಿಕ್ ಕ್ಲಾಪ್ಟನ್’. ಗಿಟಾರ್ ನುಡಿಸಿದವರು ಕ್ಲಾಪ್ಟನ್. ಡೆಕ್ಕಾ ಕಂಪನಿಯದು, ಕ್ಯಾಟಲಾಗ್ ನಂಬರ್ ಎಲ್‌ಕೆ 4804, ಮೋನೋ (ಸ್ಟೀರಿಯೋ ಅಲ್ಲ, ಒಂದೇ ಚಾನೆಲ್ಲಿನದು), 1966ರ ಮೊದಲ ಅಚ್ಚು. ಕವರ್ ಮೇಲೆ ನಾಲ್ಕು ಜನ ಗೋಡೆಗೆ ಒರಗಿ ಕೂತಿದ್ದಾರೆ. ಫೋಟೋ ತೆಗೆಸಿಕೊಳ್ಳಲು ಮನಸ್ಸಿಲ್ಲದ ಕ್ಲಾಪ್ಟನ್ ಮಕ್ಕಳ ಕಾಮಿಕ್ ‘ಬೀನೋ’ ಓದುತ್ತಿದ್ದಾರೆ. ಹಾಗಾಗಿ ರೆಕಾರ್ಡ್ ಕೂಡಿಡುವವರು ಇದನ್ನು ‘ಬೀನೋ ಆಲ್ಬಂ’ ಅಂತಲೇ ಕರೆಯುತ್ತಾರೆ.

ನಾನು ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಹಳೆ ರೆಕಾರ್ಡ್ ಸಿಗುವುದು ಕಷ್ಟವಲ್ಲ, ಒಳ್ಳೆಯದು ಸಿಗುವುದು ಕಷ್ಟ. ಕೊನೆಗೆ ಒಂದು ಅಂಗಡಿಯಲ್ಲಿ ಒಂದು ಪ್ರತಿ ಬಂತು. ಹೊಳೆಯುತ್ತಿತ್ತು. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೇ ಒಂದು ಗೀರು ಕಾಣಲಿಲ್ಲ. ಅಂಗಡಿಯವರು ‘ಎಕ್ಸಲೆಂಟ್’ ಅಂತ ಬರೆದು ಅದಕ್ಕೆ ತಕ್ಕ ಬೆಲೆ ಹಾಕಿದ್ದರು. ಕೇಳಿ ನೋಡದೆ ದುಡ್ಡು ಕೊಟ್ಟು ತಂದೆ.

ಮನೆಗೆ ತಂದು ಹಾಕಿದಾಗ ಏನೋ ಒರಟಾಗಿದೆ ಅನಿಸಿತು. ಆದರೆ ಈ ಆಲ್ಬಂ ಇರುವುದೇ ಹಾಗೆ ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಲಂಡನ್‌ನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಡೆಕ್ಕಾ ಸ್ಟುಡಿಯೋಗೆ ಕ್ಲಾಪ್ಟನ್ ಒಂದು ಗಿಬ್ಸನ್ ಲೆಸ್ ಪಾಲ್ ಗಿಟಾರನ್ನೂ ಎರಡು ಸ್ಪೀಕರಿನ ಮಾರ್ಷಲ್ ಆಂಪ್ಲಿಫೈಯರನ್ನೂ ತಂದಿದ್ದರು. ವೇದಿಕೆಯ ಮೇಲೆ ಎಷ್ಟು ಜೋರಾಗಿ ನುಡಿಸುತ್ತಿದ್ದರೋ ಅಷ್ಟೇ ಜೋರಾಗಿ ಸ್ಟುಡಿಯೋದಲ್ಲೂ ನುಡಿಸುತ್ತೇನೆ ಅಂತ ಹಟ ಹಿಡಿದರು. ಆಗಿನ ಸ್ಟುಡಿಯೋಗಳಲ್ಲಿ ಅಷ್ಟು ಜೋರು ಅಂದರೆ ಎಂಜಿನಿಯರ್‌ಗಳು ಗಾಬರಿಯಾಗುತ್ತಿದ್ದ ಕಾಲ. ನಿರ್ಮಾಪಕ ಮೈಕ್ ವೆರ್ನನ್ ಮತ್ತು ಎಂಜಿನಿಯರ್ ಗಸ್ ಡಜನ್ ಅದಕ್ಕೆ ಒಪ್ಪಿ, ಆ ಜೋರನ್ನು ಹಾಗೇ ಹಿಡಿದರು. ಆಂಪ್ಲಿಫೈಯರಿನ ವಾಲ್ವುಗಳು (ಹಳೆ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ನಳಿಗೆಗಳು) ತಮ್ಮ ಮಿತಿ ಮೀರಿದಾಗ ಸ್ವರ ದಪ್ಪವಾಗುತ್ತದೆ, ಸ್ವಲ್ಪ ಒಡೆಯುತ್ತದೆ, ಹೆಚ್ಚು ಹೊತ್ತು ಎಳೆಯುತ್ತದೆ. ಆಮೇಲೆ ಬಂದ ರಾಕ್ ಗಿಟಾರ್ ವಾದಕರೆಲ್ಲ ಬೆನ್ನು ಹತ್ತಿದ್ದು ಈ ಸದ್ದನ್ನೇ. (ಆ ಆಂಪ್ಲಿಫೈಯರಿನ ಮಾಡೆಲ್ ನಂಬರ್ 1962. ಅದು ಇಸವಿ ಅಲ್ಲ. ಬಹಳ ಜನ ಇಲ್ಲಿ ಎಡವುತ್ತಾರೆ. ಆಮೇಲೆ ಅದಕ್ಕೆ ಈ ಆಲ್ಬಂನಿಂದಲೇ ‘ಬ್ಲೂಸ್‌ಬ್ರೇಕರ್’ ಅನ್ನೋ ಹೆಸರು ಬಂತು.)

ಅಂದರೆ ಗಿಟಾರ್ ಮೊದಲೇ ಒಡೆದ ಸದ್ದು. ರೆಕಾರ್ಡ್ ಸವೆದಿದ್ದರೆ ಅದೂ ಒಡೆದ ಸದ್ದು. ಎರಡೂ ಸೇರಿಹೋದಾಗ ಯಾವುದು ಯಾವುದು ಅಂತ ಕಿವಿಗೆ ಗೊತ್ತಾಗುವುದಿಲ್ಲ. ನಾನು ಎರಡು ತಿಂಗಳು ಅದನ್ನೇ ಕೇಳಿ ಖುಷಿಪಟ್ಟೆ.

ಆ ಬೇಸಿಗೆಯಲ್ಲಿ ಅಪ್ಪ ಧಾರವಾಡದಿಂದ ಬಂದರು. ಅಪ್ಪನಿಗೂ ರೆಕಾರ್ಡ್‌ಗೂ ಹಳೆಯ ನಂಟು. ನಮ್ಮ ಮನೆಯಲ್ಲಿ ಒಂದು ಎಚ್‌ಎಂವಿ ಫಿಯೆಸ್ಟಾ ಇತ್ತು. ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ ಅವರ ಎಲ್‌ಪಿಗಳು, ಒಂದಿಷ್ಟು ಸಿನಿಮಾ ಹಾಡಿನ ಪ್ಲೇಟುಗಳು. ಪ್ಲೇಟನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಗೆರೆಗಳ ಮೇಲೆ ಬೆರಳು ತಾಕಬಾರದು ಅಂತ ನನಗೆ ಐದು ವರ್ಷಕ್ಕೇ ಕಲಿಸಿದ್ದರು. ಒಂದು ಭಾನುವಾರ ಬೆಳಿಗ್ಗೆ ನಾನು ಬೀನೋ ಹಾಕಿದೆ. ಮೊದಲ ಮೂರು ಹಾಡು ಅಪ್ಪ ಪೇಪರ್ ಓದುತ್ತಾ ಸುಮ್ನೆ ಕೂತಿದ್ದರು. ನಾಲ್ಕನೆಯದು ‘ಅನದರ್ ಮ್ಯಾನ್’. ಅದರಲ್ಲಿ ಗಿಟಾರ್ ಇಲ್ಲ. ಮೇಯಲ್ ಅವರ ದನಿ, ಮೌತ್ ಆರ್ಗನ್, ಚಪ್ಪಾಳೆ, ಅಷ್ಟೇ.

ಅಪ್ಪ ಪೇಪರ್ ಇಳಿಸಿದರು. “ಗಿಟಾರ್ ನನಗ ತಿಳಿಯೂದಿಲ್ಲಪಾ. ಆದ್ರ ಈ ಮನಷ್ಯಾನ ದನಿ ಒಡಿಯಾಕತ್ತೈತಿ. ಪ್ಲೇಟ್ ಸವದೈತೇನೋ ನೋಡು.”

“ಇಲ್ಲಪ್ಪಾ, ಇದು ಹಳೇ ರೆಕಾರ್ಡಿಂಗ್, ಹಂಗ ಇರ್ತೈತಿ” ಅಂದೆ.

“ಹಳೇದಾದ್ರ ದನಿ ಸಣ್ಣ ಆಗಬಹುದು. ಹಿಂಗ ಹರಿಯೂದಿಲ್ಲ. ‘ಸ’ ಬಂದಾಗೆಲ್ಲ ಉಗುಳಿದಂಗ ಆಗತೈತಿ ನೋಡು.”

ಮತ್ತೆ ಹಾಕಿದೆ. ಹೌದು. ‘ಸ’ ಬಂದ ಕಡೆಯೆಲ್ಲ ಕರಕರ. ಮೌತ್ ಆರ್ಗನ್ ಮೇಲಿನ ಸ್ವರಕ್ಕೆ ಹೋದಾಗ ಅದರ ಅಂಚಿನಲ್ಲಿ ಬಟ್ಟೆ ಹರಿದಂಥ ಸದ್ದು. ಒಮ್ಮೆ ಕಿವಿಗೆ ಬಿದ್ದ ಮೇಲೆ ಅದನ್ನು ಕೇಳಿಸಿಕೊಳ್ಳದೆ ಇರಲು ಆಗಲಿಲ್ಲ.

ಹೊಳೆಯುವ ರೆಕಾರ್ಡ್ ಹೇಗೆ ಸವೆದಿರುತ್ತದೆ ಅಂತ ಕೇಳಬಹುದು. ಗೀರು ಕಾಣುವುದು ಮೇಲ್ಮೈಯಲ್ಲಿ. ಸವೆತ ಇರುವುದು ಗೆರೆಯ ಒಳಗೋಡೆಯಲ್ಲಿ. 1960ರ ದಶಕದಲ್ಲಿ ಇಲ್ಲಿನ ಹುಡುಗರ ಹತ್ತಿರ ಇದ್ದದ್ದು ಸೆರಾಮಿಕ್ ಕಾರ್ಟ್ರಿಡ್ಜ್ (ಮುಳ್ಳು ಕೂರುವ ಭಾಗ) ಇರುವ ಪೆಟ್ಟಿಗೆ ಪ್ಲೇಯರ್‌ಗಳು. ಈಗ ನಮ್ಮ ಮುಳ್ಳಿನ ಭಾರ ಎರಡು ಗ್ರಾಂ ಆಸುಪಾಸು. ಅವುಗಳದ್ದು ಅದರ ಎರಡು ಮೂರು ಪಟ್ಟು. ಮುಳ್ಳನ್ನು ಕಾಲಕಾಲಕ್ಕೆ ಬದಲಾಯಿಸುವವರೂ ಕಡಿಮೆ. ಸವೆದ ಮುಳ್ಳಿನ ಮೊನೆ ಎರಡು ಬದಿ ಚಪ್ಪಟೆಯಾಗಿ ಉಳಿಯಂತಾಗುತ್ತದೆ. ಅದು ಗೆರೆಯಲ್ಲಿ ಓಡುವಾಗ ಗೋಡೆಯನ್ನು ಕೆರೆಯುತ್ತದೆ. ಮೊದಲು ಹೋಗುವುದು ಸೂಕ್ಷ್ಮವಾದ ಮೇಲಿನ ಸ್ವರಗಳು. ಪ್ರೀತಿಯಿಂದ ಜೋಪಾನ ಮಾಡಿ, ದಿನಾ ಕೇಳಿದ ರೆಕಾರ್ಡೇ ಹೀಗಾಗುವುದು ಜಾಸ್ತಿ. ನನ್ನ ಪ್ರತಿಯನ್ನು ಯಾರೋ ತುಂಬಾ ಪ್ರೀತಿಸಿದ್ದರು ಅನ್ನುವುದು ಖಂಡಿತ.

ಬದಿಯ ಕೊನೆಯ ಹಾಡುಗಳಿಗೆ ಇನ್ನೊಂದು ಕಷ್ಟ. ಹೊರಗಿನ ಗೆರೆಯಲ್ಲಿ ಒಂದು ಸುತ್ತಿಗೆ ಮುಳ್ಳು ಸುಮಾರು 90 ಸೆಂ.ಮೀ. ಓಡುತ್ತದೆ. ಲೇಬಲ್ ಹತ್ತಿರ ಬಂದಾಗ ಅದೇ ಒಂದು ಸುತ್ತಿಗೆ 40 ಸೆಂ.ಮೀ. ಆಸುಪಾಸು. ಅದೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೂರಬೇಕು. ಹಾಗಾಗಿ ಸವೆತ ಅಲ್ಲೇ ಮೊದಲು ಕೇಳುತ್ತದೆ.

ಅವತ್ತಿನಿಂದ ನಾನು ಈ ಆಲ್ಬಂ ಪರೀಕ್ಷಿಸುವ ರೀತಿಯೇ ಬದಲಾಯಿತು. ಅಂಗಡಿಯಲ್ಲಿ ಎಲ್ಲರೂ ಹಾಕಿ ನೋಡುವುದು ಮೊದಲ ಹಾಡು ‘ಆಲ್ ಯುವರ್ ಲವ್’, ಅಥವಾ ಗಿಟಾರಿಗೆ ಹೆಸರಾದ ‘ಹೈಡ್‌ಅವೇ’. ಎರಡೂ ಹೊರಗಿನ ಗೆರೆಯಲ್ಲಿವೆ, ಎರಡರಲ್ಲೂ ಗಿಟಾರ್ ಸದ್ದು ದೋಷವನ್ನು ಮುಚ್ಚುತ್ತದೆ. ನಾನು ಹಾಕಿಸುವುದು ಒಂದನೇ ಬದಿಯ ನಾಲ್ಕನೇ ಹಾಡು ‘ಅನದರ್ ಮ್ಯಾನ್’, ಎರಡನೇ ಬದಿಯ ಎರಡನೇ ಹಾಡು ‘ಪಾರ್ಚ್‌ಮನ್ ಫಾರ್ಮ್’. ಎರಡರಲ್ಲೂ ದನಿ ಮತ್ತು ಮೌತ್ ಆರ್ಗನ್ ಮುಂದೆ ಇವೆ. ಆಮೇಲೆ ಅದೇ ಬದಿಯ ‘ರ‍್ಯಾಂಬ್ಲಿನ್ ಆನ್ ಮೈ ಮೈಂಡ್’. ಕ್ಲಾಪ್ಟನ್ ಮೊದಲ ಸಲ ಮುಖ್ಯ ದನಿಯಾಗಿ ಹಾಡಿ ಬಂದ ರೆಕಾರ್ಡಿಂಗ್ ಅದು, ಅಮೆರಿಕದ ಹಳೆಯ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಅವರ ಹಾಡು. ದನಿಯಲ್ಲಿ ಒಂದು ಅಳುಕಿದೆ. ಸವೆದ ಪ್ರತಿಯಲ್ಲಿ ಆ ಅಳುಕು ಕೇಳುವುದಿಲ್ಲ, ಬರೀ ಕರಕರ ಕೇಳುತ್ತದೆ.

ಎರಡನೇ ಪ್ರತಿ ಸಿಕ್ಕಿದ್ದು ಮುಂದಿನ ವರ್ಷ, ಒಂದು ಶನಿವಾರದ ರೆಕಾರ್ಡ್ ಮೇಳದಲ್ಲಿ. ಟೇಬಲ್ ಕೆಳಗಿನ ರಟ್ಟಿನ ಡಬ್ಬಿಯಲ್ಲಿತ್ತು. ಕವರಿನ ಅಂಚು ಹರಿದಿತ್ತು, ಹಿಂಬದಿಯಲ್ಲಿ ಯಾರೋ ಬಾಲ್ ಪೆನ್ನಲ್ಲಿ ಗೀಚಿದ್ದರು. ರೆಕಾರ್ಡ್ ಮೇಲೆ ಮಂಜು ಹಿಡಿದಂತೆ ಬಿಳಿ ಮಸುಕು, ತೆಳು ಗೀರುಗಳು ಬೇಕಾದಷ್ಟು. ಮಾರುವವರು ಅದಕ್ಕೆ ‘ವಿಜಿ’ ಅಂತ ಬರೆದಿದ್ದರು. ಅಕ್ಷರಕ್ಕೆ ‘ವೆರಿ ಗುಡ್’ ಆದರೂ ಈ ವ್ಯಾಪಾರದಲ್ಲಿ ಅದರ ಅರ್ಥ ‘ಸುಮಾರು’. ಇಲ್ಲಿಯವರು ‘ಎಕ್ಸಲೆಂಟ್’ ಅನ್ನುವುದನ್ನು ಅಮೆರಿಕದವರು ‘ವಿಜಿ ಪ್ಲಸ್’ ಅನ್ನುತ್ತಾರೆ. ದೂರದಿಂದ ತರಿಸುವವರು ಇದನ್ನು ತಿಳಿದಿರಬೇಕು.

ಜೇಬಿನಿಂದ ಸಣ್ಣ ಟಾರ್ಚ್ ತೆಗೆದೆ. ಲೇಬಲ್ ಕೆಂಪು, ಅಕ್ಷರ ಬೆಳ್ಳಿ ಬಣ್ಣ. ‘ಡೆಕ್ಕಾ’ ಹೆಸರಿನ ಸುತ್ತ ಚೌಕ ಇಲ್ಲ. 1970ರ ಸುಮಾರಿನಿಂದ ಬಂದ ಅಚ್ಚುಗಳಲ್ಲಿ ಹೆಸರು ಚೌಕದೊಳಗೆ ಇರುತ್ತದೆ. ನಂಬರ್ ಎಲ್‌ಕೆ 4804. ಎಸ್‌ಕೆಎಲ್ ಅಂತ ಇದ್ದರೆ ಅದು ಸ್ಟೀರಿಯೋ, 1969ರಲ್ಲಿ ಬಂದದ್ದು. ಅದೂ ಕೆಟ್ಟದ್ದೇನಲ್ಲ, ಆದರೆ 1966ರ ಜುಲೈನಲ್ಲಿ ಜನ ಕೊಂಡು ಕೇಳಿದ್ದು, ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿದ್ದು ಮೋನೋ. ಮೋನೋದಲ್ಲಿ ನಾಲ್ವರೂ ಒಂದೇ ಕೋಣೆಯಲ್ಲಿ ಒತ್ತಿಕೊಂಡು ನಿಂತು ನುಡಿಸಿದ ಹಾಗೆ ಕೇಳುತ್ತದೆ. ನನಗೆ ಅದೇ ಬೇಕು.

ಇನ್ನು ಕೊನೆಯ ಹಾಡಿಗೂ ಲೇಬಲ್‌ಗೂ ನಡುವಿನ ಖಾಲಿ ಜಾಗ. ಡೆಕ್ಕಾ ರೆಕಾರ್ಡ್‌ಗಳಲ್ಲಿ ಇಲ್ಲಿ ಒಂದು ಸಣ್ಣ ಲೋಕವೇ ಇದೆ. ಕೆಳಗೆ ಮ್ಯಾಟ್ರಿಕ್ಸ್ ನಂಬರ್, ಅಂದರೆ ಆ ಬದಿಯ ಮೂಲ ಅಚ್ಚಿನ ಗುರುತು. ಅದರ ಕೊನೆಯ ಅಕ್ಷರ ಗೆರೆ ಕೊರೆದ ಎಂಜಿನಿಯರ್ ಯಾರು ಅಂತ ಹೇಳುತ್ತದೆ. ಗಡಿಯಾರದ ಮೂರು ಗಂಟೆಯ ಜಾಗದಲ್ಲಿ ಒಂದೋ ಎರಡೋ ಅಕ್ಷರ. ಅದು ಯಾವ ಸ್ಟ್ಯಾಂಪರ್‌ನಿಂದ, ಅಂದರೆ ಯಾವ ಲೋಹದ ಅಚ್ಚಿನಿಂದ ಒತ್ತಿದ್ದು ಅನ್ನುವ ಸಂಕೇತ. ಓದಲು ಬೀಗದ ಕೈ ‘ಬಕಿಂಗ್‌ಹ್ಯಾಮ್’ ಅನ್ನುವ ಇಂಗ್ಲಿಷ್ ಪದ. ಅದರಲ್ಲಿ ಹತ್ತು ಅಕ್ಷರ, ಒಂದೂ ಎರಡು ಸಲ ಬರುವುದಿಲ್ಲ. ಬಿ ಅಂದರೆ 1, ಯು 2, ಸಿ 3, ಕೆ 4, ಐ 5, ಎನ್ 6, ಜಿ 7, ಎಚ್ 8, ಎ 9, ಎಂ 0. ನನ್ನ ಮೊದಲ ಪ್ರತಿಯಲ್ಲಿ ‘ಬಿ’ ‘ಯು’ ಇತ್ತು, 12. ಈ ಮೇಳದ ಪ್ರತಿಯಲ್ಲಿ ‘ಸಿ’ ‘ಎಚ್’, 38. ನಂಬರ್ ಚಿಕ್ಕದಿದ್ದರೆ ಒಳ್ಳೆಯದು ಅಂತ ಜಾಸ್ತಿ ದುಡ್ಡು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೊಂದು ಸ್ಟ್ಯಾಂಪರ್‌ನಿಂದಲೂ ನೂರಾರು ಪ್ರತಿ ಒತ್ತುತ್ತಾರೆ. ನಿಮ್ಮ ಪ್ರತಿ ಅದರ ಮೊದಲ ದಿನದ್ದೋ ಕೊನೆಯ ದಿನದ್ದೋ ಅಂತ ಆ ಅಕ್ಷರ ಹೇಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆಮೇಲೆ ಅದನ್ನು ಯಾವ ಮುಳ್ಳಿನಲ್ಲಿ ಕೇಳಿದರು ಅಂತ ಹೇಳುವುದಿಲ್ಲ.

ಮಾರುವವರ ಹತ್ತಿರ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಪ್ಲೇಯರ್ ಇತ್ತು. “ಒಂದನೇ ಬದಿ, ನಾಲ್ಕನೇ ಹಾಡು ಹಾಕ್ತೀರಾ?” ಅಂತ ಕೇಳಿದೆ. ಆಶ್ಚರ್ಯಪಟ್ಟು ಹಾಕಿದರು. ಹೆಡ್‌ಫೋನ್ ಕಿವಿಗೆ ಒತ್ತಿಕೊಂಡೆ. ಚಟಪಟ ಅಂತ ದೂಳಿನ ಸದ್ದು ಬೇಕಾದಷ್ಟು. ಅದರ ಹಿಂದೆ ದನಿ ಸ್ವಚ್ಛ. ‘ಸ’ಗಳು ನೆಟ್ಟಗಿದ್ದವು. ಮೌತ್ ಆರ್ಗನ್ ಮೇಲಕ್ಕೆ ಹೋಯಿತು, ಹರಿಯಲಿಲ್ಲ. ಕೈ ನಡುಗಿತು. ಮೊದಲ ಪ್ರತಿಗೆ ಕೊಟ್ಟದ್ದರ ಮೂರನೇ ಒಂದು ಭಾಗಕ್ಕೆ ಅದು ನನ್ನದಾಯಿತು.

ಚಟಪಟ ಬೇರೆ, ಕರಕರ ಬೇರೆ. ಕೊಳೆಯ ಸದ್ದು ಸಂಗೀತದ ಜೊತೆ ಏರಿಳಿಯುವುದಿಲ್ಲ, ತನ್ನ ಪಾಡಿಗೆ ಸಿಡಿಯುತ್ತದೆ, ತೊಳೆದರೆ ಹೋಗುತ್ತದೆ. ಸವೆತದ ಸದ್ದು ಸಂಗೀತ ಜೋರಾದಾಗ ಮಾತ್ರ ಬರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಈ ವ್ಯತ್ಯಾಸ ಕಿವಿಗೆ ಹತ್ತುವವರೆಗೆ ದುಬಾರಿ ರೆಕಾರ್ಡ್ ಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತೊಳೆದದ್ದು ಮೂರು ಸಲ. ಡಿಸ್ಟಿಲ್ಡ್ ವಾಟರ್, ಅದರಲ್ಲಿ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್, ಫೋಟೋ ಫಿಲ್ಮ್ ತೊಳೆಯಲು ಬಳಸುವ ವೆಟಿಂಗ್ ದ್ರವದ ಎರಡು ಹನಿ. ಮೃದು ಬ್ರಶ್‌ನಲ್ಲಿ ಗೆರೆ ಓಡುವ ದಿಕ್ಕಿನಲ್ಲೇ ಸುತ್ತ ಉಜ್ಜಬೇಕು, ಅಡ್ಡ ಉಜ್ಜಬಾರದು. ಲೇಬಲ್‌ಗೆ ನೀರು ತಾಕಬಾರದು. ಆಮೇಲೆ ವ್ಯಾಕ್ಯೂಮ್ ಮೆಷಿನ್‌ನಲ್ಲಿ ನೀರನ್ನು ಎಳೆದೆ. ಕೊನೆಯ ಸಲ ಬರೀ ಡಿಸ್ಟಿಲ್ಡ್ ವಾಟರ್. ಬಟ್ಟೆಯಿಂದ ಒರೆಸಿದರೆ ಕರಗಿದ ಕೊಳೆ ಗೆರೆಯ ತಳಕ್ಕೇ ಹೋಗಿ ಕೂರುತ್ತದೆ. ಒಂದು ಎಚ್ಚರಿಕೆ: ಊರಿನ ಮನೆಯಲ್ಲಿ ಅಜ್ಜನ ಕಾಲದ 78 ಸುತ್ತಿನ ಪ್ಲೇಟ್‌ಗಳಿದ್ದರೆ ಅವಕ್ಕೆ ಆಲ್ಕೋಹಾಲ್ ಮುಟ್ಟಿಸಬೇಡಿ. ಅವು ಅರಗಿನವು, ಕರಗಿಹೋಗುತ್ತವೆ.

ಎರಡನೇ ಸಲ ತೊಳೆದಾಗ ಮೆಷಿನ್‌ನಿಂದ ಬಂದ ನೀರು ಚಹಾದ ಬಣ್ಣಕ್ಕಿತ್ತು. ಸಿಗರೇಟ್ ಹೊಗೆ ಇರಬೇಕು. ಯಾವುದೋ ಕೋಣೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಹೊಗೆ ನಮ್ಮ ಅಡುಗೆಮನೆಯ ಸಿಂಕ್‌ನಲ್ಲಿ ಇಳಿದುಹೋಯಿತು. ಬಿಳಿ ಮಸುಕು ಪೂರ್ತಿ ಹೋಯಿತು. ತೆಳು ಗೀರುಗಳು ಉಳಿದವು, ಆದರೆ ಅವು ಮೇಲ್ಮೈಯವು, ಕಿವಿಗೆ ಬರುವುದಿಲ್ಲ.

ಆಮೇಲೆ ಮೋನೋ ಕಾರ್ಟ್ರಿಡ್ಜ್ ತಂದೆ. ಮೋನೋ ರೆಕಾರ್ಡ್‌ನಲ್ಲಿ ಸಂಗೀತ ಇರುವುದು ಗೆರೆಯ ಅಡ್ಡ ಅಲುಗಾಟದಲ್ಲಿ ಮಾತ್ರ. ಮೇಲೆ ಕೆಳಗೆ ಅಲುಗುವುದೆಲ್ಲ ದೂಳು, ಗೀರು. ಸ್ಟೀರಿಯೋ ಕಾರ್ಟ್ರಿಡ್ಜ್ ಎರಡನ್ನೂ ಎತ್ತಿಕೊಳ್ಳುತ್ತದೆ, ಮೋನೋದ್ದು ಮೇಲೆ ಕೆಳಗಿನದ್ದನ್ನು ಬಿಟ್ಟುಬಿಡುತ್ತದೆ. ನನ್ನದು 25 ಮೈಕ್ರಾನ್ ಮೊನೆಯದ್ದು. 18 ಸಾಕು ಅನ್ನುವವರೂ ಇದ್ದಾರೆ. ದಪ್ಪ ಮೊನೆ ಗೆರೆಯಲ್ಲಿ ಸ್ವಲ್ಪ ಮೇಲೆ ಕೂರುತ್ತದೆ. ನನ್ನ ಪ್ರತಿಯಲ್ಲಿ ಆ ಜಾಗದ ಗೋಡೆ ಚೆನ್ನಾಗಿದೆ. ಅದಕ್ಕೆಲ್ಲ ಖರ್ಚು ಬೇಡ ಅನ್ನುವವರು ಆಂಪ್ಲಿಫೈಯರ್‌ನಲ್ಲಿ ಮೋನೋ ಬಟನ್ ಇದ್ದರೆ ಒತ್ತಿ ನೋಡಿ. ಅದರಲ್ಲೇ ದೂಳು, ಗೀರಿನ ಸದ್ದು ಸಾಕಷ್ಟು ಇಳಿಯುತ್ತದೆ.

ರಾತ್ರಿ ಎರಡನೇ ಬದಿ ಹಾಕಿ ದೀಪ ಆರಿಸಿ ಕೂತೆ. ‘ಹ್ಯಾವ್ ಯು ಹರ್ಡ್’ ಶುರುವಾಗುವುದು ಸ್ಯಾಕ್ಸೊಫೋನ್‌ನಿಂದ. ನಿಧಾನದ ಹಾಡು. ಮೇಯಲ್ ಹಾಡುತ್ತಾರೆ, ಆಮೇಲೆ ಗಿಟಾರ್ ಒಳಗೆ ಬರುತ್ತದೆ. ಮೊದಲ ಪ್ರತಿಯಲ್ಲಿ ಆ ಜಾಗ ಒಂದು ಗೋಡೆ ಬಿದ್ದ ಹಾಗೆ ಕೇಳುತ್ತಿತ್ತು. ಈಗ ಒಂದೊಂದು ಸ್ವರವೂ ಬೇರೆ ಬೇರೆ ಕೇಳಿತು. ತಂತಿಯನ್ನು ಎಳೆದು ಮೇಲಕ್ಕೆ ತರುವಾಗ ಅದು ಸ್ವರಕ್ಕೆ ತಲುಪುವ ಮುನ್ನದ ಆ ಕೂದಲೆಳೆಯ ತಡ, ಆಮೇಲೆ ಆಂಪ್ಲಿಫೈಯರ್ ಆ ಸ್ವರವನ್ನು ಹಿಡಿದು ಉಬ್ಬಿಸುವುದು. ಸ್ವರ ಒಡೆಯುತ್ತಿತ್ತು, ಹೌದು. ಆದರೆ 1966ರಲ್ಲಿ ಆ ಕೋಣೆಯಲ್ಲಿ ಒಡೆದ ಹಾಗೆ ಒಡೆಯುತ್ತಿತ್ತು. ಕ್ಲಾಪ್ಟನ್‌ಗೆ ಆಗ 21ರ ಆಸುಪಾಸು. ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ಅವರು ಈ ತಂಡ ಬಿಟ್ಟು ‘ಕ್ರೀಮ್’ ಅನ್ನುವ ಹೊಸ ತಂಡ ಕಟ್ಟುತ್ತಿದ್ದರು. ಆ ಲೆಸ್ ಪಾಲ್ ಕೂಡ ಸ್ವಲ್ಪ ದಿನದಲ್ಲೇ ಕಳುವಾಯಿತು. ಆ ಗಿಟಾರ್, ಆ ಆಂಪ್ಲಿಫೈಯರ್, ಆ ಹುಡುಗ, ಮೂವರೂ ಒಟ್ಟಿಗಿದ್ದದ್ದು ಅಷ್ಟು ಕಡಿಮೆ ದಿನ. ನನಗೆ ಕಣ್ಣು ತುಂಬಿತು.

ಮೊದಲ ಪ್ರತಿಯನ್ನು ಮಾರಲಿಲ್ಲ. ಸವೆದಿದೆ ಅಂತ ಗೊತ್ತಿದ್ದೂ ಇನ್ನೊಬ್ಬರಿಗೆ ದಾಟಿಸುವುದು ಸರಿಯಲ್ಲ. ಅದರ ಒಳ್ಳೆಯ ಕವರನ್ನು ಈ ರೆಕಾರ್ಡ್‌ಗೆ ಹಾಕು ಅಂತ ಗೆಳೆಯರು ಹೇಳಿದರು. ಹಾಕಲಿಲ್ಲ. ಹರಿದ ಕವರ್, ಗೀಚಿದ ಬಾಲ್ ಪೆನ್ನು ಈ ರೆಕಾರ್ಡ್ ಜೊತೆಗೇ ಐವತ್ತಕ್ಕೂ ಹೆಚ್ಚು ವರ್ಷ ಬಂದಿವೆ.

ಮರುದಿನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಸ್ಪೀಕರ್ ಮುಂದೆ ಹಿಡಿದು ‘ಅನದರ್ ಮ್ಯಾನ್’ ಹಾಕಿದೆ. ಮೌತ್ ಆರ್ಗನ್ ಬಂದ ಕೂಡಲೇ ಫೋನ್ ಅದನ್ನು ಗದ್ದಲ ಅಂತ ತಿಳಿದು ಅಡಗಿಸಿಬಿಟ್ಟಿತು. ಬರೀ ಚಪ್ಪಾಳೆ ತುಂಡು ತುಂಡಾಗಿ ಕೇಳಿತಂತೆ.

“ಇರಲಿ ಬಿಡು” ಅಂದರು ಅಪ್ಪ. “ಜೂನ್‌ದಾಗ ಬರ್ತೀನಲ್ಲ, ಆವಾಗ ಹಚ್ಚು.”