ಚಿಕ್ಕಮ್ಮ ಒಪ್ಪುವ ಬಣ್ಣ

ಸಾಗರದ ಹತ್ತಿರ ಇರುವ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಮಳೆಗಾಲ ಅಂದರೆ ಡೇರೆ (ಡೇಲಿಯಾ) ಹೂವಿನ ಕಾಲ. ಗೌರಿ ಹಬ್ಬದ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದೂರದ ನೆಂಟರು ಫೋಟೊ ನೋಡಿ, “ಈ ಬಣ್ಣದ್ದು ನಮಗೊಂದು ಗಡ್ಡೆ ತೆಗೆದಿಡಿ” ಅಂತ ಹೇಳಿಡುತ್ತಾರೆ. ಆ ಫೋಟೊ ತೆಗೆಯುವುದು ನಾನು. ಚಿತ್ರದಲ್ಲಿ ಬಣ್ಣ ತಪ್ಪಿದರೆ ಅವರು ಬಯಸಿದ್ದು ಒಂದು, ಮುಂದಿನ ವರ್ಷ ಅವರ ಅಂಗಳದಲ್ಲಿ ಅರಳುವುದು ಇನ್ನೊಂದು.

ಮೊದಲ ವರ್ಷ ಹಾಗೇ ಆಯಿತು. ಅಪ್ಪಟ ಕುಂಕುಮದ ಬಣ್ಣದ ಡೇರೆ ನನ್ನ ಚಿತ್ರದಲ್ಲಿ ಗುಲಾಬಿ ಕಡೆಗೆ ವಾಲಿತ್ತು. ಚಿಕ್ಕಮ್ಮ ನೋಡಿದವರೇ, “ಇದು ನಮ್ಮನೆ ಹೂವಲ್ಲ ಕಣೋ” ಅಂದರು.

ಕಾರಣ ಹುಡುಕುತ್ತಾ ಹೋದಾಗ ತಲೆಯ ಮೇಲೇ ಸಿಕ್ಕಿತು. ಮಳೆಗೆ ಎಸಳು ಕೊಳೆಯಬಾರದು ಅಂತ ಡೇರೆ ಕುಂಡಗಳಿದ್ದ ಮೂಲೆಗೆ ನೀಲಿ ಟಾರ್ಪಾಲ್ ಕಟ್ಟಿದ್ದರು. ಅದರಡಿ ಬರುವ ಬೆಳಕೇ ನೀಲಿ. ನಮ್ಮ ಕಣ್ಣು ಸ್ವಲ್ಪ ಹೊತ್ತಿಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ, ಕ್ಯಾಮೆರಾ ಒಗ್ಗಿಕೊಳ್ಳುವುದಿಲ್ಲ. ಅಡಿಕೆ ತೋಟದೊಳಗೂ ಇದೇ ಕಥೆ, ಅಲ್ಲಿ ಸೋಗೆಗಳ ನಡುವೆ ಸೋಸಿ ಬರುವ ಬೆಳಕು ಹಸಿರು. ಬೆಳಕಿನ ಬಣ್ಣ ನೋಡಿ ಚಿತ್ರದ ಬಣ್ಣವನ್ನು ತಾನೇ ಸರಿಮಾಡಲು ಕ್ಯಾಮೆರಾದಲ್ಲಿರುವ ಆಟೋ ವೈಟ್ ಬ್ಯಾಲೆನ್ಸ್ ಇಂಥಲ್ಲಿ ಸುಮ್ನೆ ಅಂದಾಜು ಮಾಡುತ್ತದೆ. ಚೌಕಟ್ಟಿನ ತುಂಬ ಒಂದೇ ಕೆಂಪು ಹೂವಿದ್ದರೆ ಆ ಅಂದಾಜೂ ಕೆಡುತ್ತದೆ.

ಈಗ ನಾನು ಕುಂಡವನ್ನು ಟಾರ್ಪಾಲ್‌ನಿಂದ ಹೊರಗೆ, ಮೋಡದ ಬೆಳಕಿಗೆ ತರುತ್ತೇನೆ. ಮಳೆ ಹನಿಯುತ್ತಿದ್ದರೆ ಕಪ್ಪು ಕೊಡೆ ಹಿಡಿಯುತ್ತೇನೆ, ಬಣ್ಣದ ಕೊಡೆ ಬೇಡವೇ ಬೇಡ. ಮೊದಲ ಚಿತ್ರದಲ್ಲಿ ಹೂವಿನ ಪಕ್ಕ 18% ಬೂದು ಕಾರ್ಡ್ ಇರುತ್ತದೆ, ಅಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ಹಿಂತಿರುಗಿಸುವ, ಬೇರೆ ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ಕಾರ್ಡ್. ಆಮೇಲೆ ಕಂಪ್ಯೂಟರಿನಲ್ಲಿ ವೈಟ್ ಬ್ಯಾಲೆನ್ಸ್ ಹಿಡಿದು ಆ ಬೂದು ಜಾಗದ ಮೇಲೆ ಒಂದು ಸಲ ಒತ್ತಿ, ಅದೇ ಅಳತೆಯನ್ನು ಅದೇ ಬೆಳಕಿನ ಉಳಿದ ಚಿತ್ರಗಳಿಗೂ ಹಾಕಿದರೆ ಆಯಿತು. ಕಾರ್ಡ್ ಇಲ್ಲದ ದಿನಗಳಲ್ಲಿ ಬಿಳಿ ಪಂಚೆ ಬಳಸಿ ನೋಡಿದ್ದೆ, ಹೂವೆಲ್ಲ ಹಳದಿಗೆ ತಿರುಗಿದವು. ಪಂಚೆಗೆ ನೀಲಿ ಹಾಕಿ ಒಗೆಯುತ್ತಾರಲ್ವಾ, ಅದನ್ನೇ ಬಿಳಿ ಅಂತ ನಂಬಿಸಿದರೆ ಇನ್ನೇನಾದೀತು.

ಬೆಳಕು ಸರಿಯಾದ ಮೇಲೂ ಕೆಂಪು ನನ್ನನ್ನು ಜಾಸ್ತಿ ಕಾಡಿತು. ಡೇರೆಯ ಎಸಳುಗಳ ಮಡಿಕೆಯೆಲ್ಲ ಅಳಿಸಿ, ಬಣ್ಣ ಬಳಿದ ಮುದ್ದೆಯ ಹಾಗೆ ಕಾಣುತ್ತಿತ್ತು. ದಾಸವಾಳಕ್ಕೂ ಹೀಗೇ. ಚಿತ್ರದ ಕತ್ತಲೆಯನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ಇಟ್ಟು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ, ಅಂದರೆ ಹಿಸ್ಟೋಗ್ರಾಮ್, ನೋಡಿದರೆ ಎಲ್ಲ ಸರಿ ಇತ್ತು. ಆದರೆ ನಾನು ನೋಡುತ್ತಿದ್ದದ್ದು ಮೂರೂ ಬಣ್ಣ ಕೂಡಿಸಿ ತೋರಿಸುವ ಹಿಸ್ಟೋಗ್ರಾಮ್. ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ತೋರಿಸುವುದನ್ನು ತೆರೆದಾಗ, ಕೆಂಪು ಬಲತುದಿಗೆ ಹೋಗಿ ಗೋಡೆಗೆ ಒತ್ತಿಕೊಂಡಿತ್ತು. ಅಂದರೆ ಆ ಚಾನೆಲ್ ತುಂಬಿ ಚೆಲ್ಲಿದೆ. ಚೆಲ್ಲಿದ್ದನ್ನು ಆಮೇಲೆ ತುಂಬಲು ಬರುವುದಿಲ್ಲ. ಹಾಗಾಗಿ ಕೆಂಪು ಹೂವಿಗೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸುತ್ತೇನೆ, ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ. ಕ್ಯಾಮೆರಾ ಬಣ್ಣಕ್ಕೆ ಕೊಡುವ ಮೆರುಗು, ಅಂದರೆ ಪಿಕ್ಚರ್ ಸ್ಟೈಲ್, ‘ವಿವಿಡ್’ ಬಿಟ್ಟು ‘ನ್ಯೂಟ್ರಲ್’ಗೆ ಹಾಕುತ್ತೇನೆ. ಕ್ಯಾಮೆರಾ ಹಿಡಿದದ್ದನ್ನು ಹಾಗೇ ಇಡುವ ರಾ ಫೈಲಿನಲ್ಲೇ ತೆಗೆಯುತ್ತೇನೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತ, 14 ಬಿಟ್ ರಾ ಫೈಲಿನಲ್ಲಿ 16,384. ಎಸಳಿನ ಬುಡದ ಗಾಢ ಕೆಂಪಿಗೂ ತುದಿಯ ಕೆಂಪಿಗೂ ಇರುವ ಸಣ್ಣ ಅಂತರ ಉಳಿಯುವುದು ಇಲ್ಲೇ.

ಡೇರೆಯಲ್ಲಿ ನಿಜವಾದ ನೀಲಿ ಇಲ್ಲ. ಆ ಕೊರತೆಯನ್ನು ಬೇಲಿಯ ಶಂಖಪುಷ್ಪ ತುಂಬುತ್ತದೆ. ಬೂದು ಕಾರ್ಡ್ ಇಟ್ಟರೂ ಅದು ಚಿತ್ರದಲ್ಲಿ ನೇರಳೆಯಾಗಿಬಿಡುತ್ತಿತ್ತು. ಎಷ್ಟೋ ನೀಲಿ ಹೂಗಳು ನಮಗೆ ಕಾಣದಷ್ಟು ಗಾಢವಾದ ಕೆಂಪನ್ನೂ ಪ್ರತಿಫಲಿಸುತ್ತವೆ. ಕಣ್ಣಿಗೆ ತಟ್ಟದ ಆ ಕೆಂಪು ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿಗೆ ಸ್ವಲ್ಪ ತಟ್ಟುತ್ತದೆ. ವೈಟ್ ಬ್ಯಾಲೆನ್ಸ್ ತಿರುಗಿಸಿ ಹೂ ಸರಿಮಾಡಲು ಹೋದರೆ ಎಲೆ ಕೆಡುತ್ತದೆ. ಅದಕ್ಕೇ ನೀಲಿ, ನೇರಳೆಯ ಹ್ಯೂ (ಬಣ್ಣದ ಛಾಯೆ) ಮಾತ್ರ ಹಿಡಿದು ಸ್ವಲ್ಪ ಸ್ವಲ್ಪವೇ ನೀಲಿ ಕಡೆಗೆ ಸರಿಸುತ್ತೇನೆ. ಎಷ್ಟು ಸರಿಸಬೇಕು ಅಂತ ನೆನಪಿನಿಂದ ಹೇಳಲು ನನಗಂತೂ ಸಾಧ್ಯವಿಲ್ಲ. ನೆನಪು ಯಾವಾಗಲೂ ಬಣ್ಣವನ್ನು ಹೆಚ್ಚು ಮಾಡಿ ಇಟ್ಟುಕೊಂಡಿರುತ್ತದೆ. ಹೂವನ್ನೇ ಲೋಟದ ನೀರಿನಲ್ಲಿಟ್ಟು, ಕಿಟಕಿಯ ಬೆಳಕಿನಲ್ಲಿ ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಂಡು ಕೂರುತ್ತೇನೆ. ಸಂಜೆ ಬಲ್ಬಿನ ಬೆಳಕಿನಲ್ಲಿ ಈ ಕೆಲಸ ಮಾಡುವುದಿಲ್ಲ.

ಕಳಿಸುವಾಗ ಹೆಚ್ಚಿನ ಫೋನುಗಳಿಗೆ ಗೊತ್ತಿರುವ ಬಣ್ಣದ ಅಳತೆಯಾದ ಎಸ್‌ಆರ್‌ಜಿಬಿಯಲ್ಲೇ ಉಳಿಸುತ್ತೇನೆ. ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಅಳತೆಯಲ್ಲಿ ಕಳಿಸಿದ ಚಿತ್ರಗಳು ಕೆಲವರ ಫೋನಿನಲ್ಲಿ ಬಾಡಿದಂತೆ ಕಂಡಿದ್ದವು.

ಕಳೆದ ಗೌರಿ ಹಬ್ಬದ ದಿನ ಚಿಕ್ಕಮ್ಮ ಗಿಡದ ಪಕ್ಕ ಫೋನ್ ಹಿಡಿದು, ಹೂವನ್ನೂ ಚಿತ್ರವನ್ನೂ ಎರಡೆರಡು ಸಲ ನೋಡಿದರು. “ಹ್ಞಾಂ, ಇದು ನಮ್ಮದು” ಅಂದರು. ಆಮೇಲೆ ನೆಂಟರ ಗುಂಪಿಗೆ ಚಿತ್ರ ಕಳಿಸಿದೆ. ಜೊತೆಗೆ ಒಂದು ಸಾಲು ಬರೆದೆ: ಫೋನಿನಲ್ಲಿ ಕಣ್ಣಿಗೆ ತಂಪು ಅಂತ ಹಾಕಿಕೊಂಡ ಹಳದಿ ಬೆಳಕನ್ನು ತೆಗೆದು ನೋಡಿ, ಆಮೇಲೆ ಗಡ್ಡೆ ಹೇಳಿ.